ವಾಲ್ಟನ್ನರ ಬೆಟ್ಟ ಎಲ್ಲಿದೆ?

ಅಮೆರಿಕ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದಲ್ಲಿ ವರ್ಜೀನಿಯ ಎಂಬ ಪ್ರಾಂತವಿದೆ. ಅದರ ಪಶ್ಚಿಮಕ್ಕೆ ಹಬ್ಬಿರುವ ಬೆಟ್ಟಸಾಲಿಗೆ ‘ಬ್ಲೂ ರಿಡ್ಜ್’ ಎಂದು ಹೆಸರು. ಕನ್ನಡದಲ್ಲಿ ಹೇಳುವುದಾದರೆ ನೀಲಗಿರಿಯೆಂದೇ ಹೇಳಬೇಕು. ದೂರದಿಂದ ನೋಡಿದವರ ಕಣ್ಣಿಗೆ ಆ ಕಾಡುಬೆಟ್ಟಗಳು ತೆಳುವಾದ ನೀಲಿಯ ಮುಸುಕನ್ನು ಹೊದ್ದು ಮಲಗಿದಂತೆ ತೋರುತ್ತವೆ. ಈ ಸೀಮೆಯ ಮುಖ್ಯ ಪಟ್ಟಣ ಷಾರ್ಲಟ್ಸ್‌ವಿಲ್. ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ನನ ಮನೆ ಇರುವುದು ಅದರ ಪಕ್ಕದ ಗುಡ್ಡದ ಮೇಲೆ. ಯಾತ್ರಿಕರಲ್ಲಿ ಹೆಚ್ಚಿನವರು ಆ ಮನೆಯನ್ನು ನೋಡಿ ಹಿಂದಿರುಗುತ್ತಾರೆ. ಆದರೆ ಕೆಲವರು 29ನೆಯ ಹೆದ್ದಾರಿಯನ್ನು ಹಿಡಿದು ದಕ್ಷಿಣಕ್ಕೆ ಇಪ್ಪತ್ತು ಮೈಲಿಗಳಷ್ಟು ಹೋಗಿ, ಎಡಕ್ಕೆ ತಿರುಗಿ, ಮರಗಳ ನಡುವೆ ಬಳುಕುತ್ತ ಸಾಗುವ ಒಂದು ಸಣ್ಣ ರಸ್ತೆಗೆ ಇಳಿಯುತ್ತಾರೆ. ಅವರು ಹುಡುಕಿಕೊಂಡು ಹೊರಟಿರುವುದು ವಾಲ್ಟನ್ ಎಂಬ ಮನೆತನದ ಬೆಟ್ಟವನ್ನು.

ರಸ್ತೆ ಕೊನೆಗೆ ಮುಟ್ಟಿಸುವುದು ಸ್ಕೈಲರ್ ಎಂಬ ಹಳ್ಳಿಯನ್ನು. 2010ರ ಜನಗಣತಿಯಲ್ಲಿ ಅಲ್ಲಿ ಮುನ್ನೂರು ಜನರೂ ಇರಲಿಲ್ಲ. ಒಂದು ಬ್ಯಾಪ್ಟಿಸ್ಟ್ ಚರ್ಚು, ಹಳೆಯ ಶಾಲೆಯ ಕಟ್ಟಡ, ಮರದ ಹಲಗೆಯ ಮನೆಗಳು, ಕಾಡಿನ ಮಧ್ಯೆ ಕಲ್ಲುಗಣಿಗಳು. ಹತ್ತಿರದಲ್ಲೇ ಹರಿಯುವ ರಾಕ್‌ಫಿಷ್ ಎಂಬ ಹೊಳೆ. ಏರುತಗ್ಗುಗಳಿಗೆ ಕೊರತೆಯಿಲ್ಲ. ವಾಲ್ಟನ್ನರ ಬೆಟ್ಟ ಮಾತ್ರ ಅಲ್ಲಿಲ್ಲ, ಎಂದೂ ಇದ್ದುದಿಲ್ಲ, ವಾಲ್ಟನ್ನರೂ ಇದ್ದುದಿಲ್ಲ. ಆದರೂ ಅರ್ಧ ಶತಮಾನದಿಂದ ಜನ ಬರುತ್ತಲೇ ಇದ್ದಾರೆ. ದೂರದರ್ಶನದ ಪರದೆಯ ಮೇಲೆ ಕಂಡ ಒಂದು ಕ್ರೈಸ್ತ ಕುಟುಂಬ ಅಷ್ಟರ ಮಟ್ಟಿಗೆ ಅವರ ಮನಸ್ಸಿನಲ್ಲಿ ಮನೆಮಾಡಿದೆ.

1972ರ ಸೆಪ್ಟೆಂಬರಿನಿಂದ 1981ರ ಜೂನ್‌ವರೆಗೆ ಸಿ.ಬಿ.ಎಸ್. ಸಂಸ್ಥೆಯವರು ‘ದಿ ವಾಲ್ಟನ್ಸ್’ ಎಂಬ ಧಾರಾವಾಹಿಯನ್ನು ಪ್ರಸಾರ ಮಾಡಿದರು. ಒಟ್ಟು 221 ಕಂತುಗಳು. ಕಥೆಯ ಕಾಲ ಆರ್ಥಿಕ ಮುಗ್ಗಟ್ಟಿನ 1933ರಿಂದ ಎರಡನೆಯ ಮಹಾಯುದ್ಧ ಮುಗಿಯುವವರೆಗೆ. ಬೆಟ್ಟದ ಬುಡದಲ್ಲಿ ಮರ ಕೊಯ್ಯುವ ಗಿರಣಿ ಇಟ್ಟುಕೊಂಡ ಜಾನ್ ವಾಲ್ಟನ್, ಆತನ ಮಡದಿ ಒಲಿವಿಯ, ಅಜ್ಜ, ಅಜ್ಜಿ, ಏಳು ಮಕ್ಕಳು. ಹಿರಿಯ ಮಗ ಜಾನ್ ಬಾಯ್‌ಗೆ ಬರೆಹಗಾರನಾಗಬೇಕೆಂಬ ಹಂಬಲ. ಹನ್ನೊಂದು ಮಂದಿ ಉಣ್ಣಲು ಕೂರುವ ಉದ್ದನೆಯ ಮೇಜು. ಊಟಕ್ಕೆ ಮುಂಚೆ ತಲೆಬಾಗಿ ಸಲ್ಲಿಸುವ ಪ್ರಾರ್ಥನೆ. ರಾತ್ರಿ ಒಂದೊಂದಾಗಿ ದೀಪಗಳು ಆರುವಾಗ ಕೋಣೆಯಿಂದ ಕೋಣೆಗೆ ಹೆಸರು ಹಿಡಿದು ಕೂಗಿ ಹೇಳುವ ಶುಭರಾತ್ರಿಗಳು. ಕಥೆಯ ವಿವರಗಳನ್ನು ಮರೆತವರೂ ಕತ್ತಲೆಯಲ್ಲಿ ಕೇಳಿಬರುವ ಆ ದನಿಗಳನ್ನು ಮರೆತಿಲ್ಲ.

ಈ ಕುಟುಂಬವನ್ನು ಕಲ್ಪಿಸಿದಾತ ಅರ್ಲ್ ಹ್ಯಾಮ್ನರ್ ಎಂಬ ಲೇಖಕ. ಹುಟ್ಟಿದ್ದು 1923ರಲ್ಲಿ, ಬೆಳೆದದ್ದು ಇದೇ ಸ್ಕೈಲರಿನಲ್ಲಿ, ಎಂಟು ಮಕ್ಕಳಲ್ಲಿ ಹಿರಿಯನಾಗಿ. ಆತನ ಮನೆ ಇಂದಿಗೂ ಇದೆ. ಎರಡು ಅಂತಸ್ತಿನ ಬಿಳಿಯ ಮರದ ಮನೆ, ಮುಂದೆ ಜಗಲಿ. ತೆರೆಯ ಮೇಲಿನ ವಿಶಾಲವಾದ ಮನೆಯನ್ನು ನೆನೆದು ಬಂದವರು ಇದು ಇಷ್ಟೇ ಚಿಕ್ಕದೇ ಎಂದು ಬೆರಗಾಗುವುದುಂಟು. ಹತ್ತು ಜನ ಈ ಗೋಡೆಗಳ ನಡುವೆ ಹೇಗೆ ಹಿಡಿಸುತ್ತಿದ್ದರೋ! ಅಲ್ಲಿ ಒಬ್ಬರಿಗೊಬ್ಬರು ಶುಭರಾತ್ರಿ ಹೇಳಲು ಕೂಗಬೇಕಾಗಿಯೇ ಇರಲಿಲ್ಲ, ಪಿಸುಗುಟ್ಟಿದರೂ ಸಾಕಿತ್ತು.

ತೆರೆಯ ಜಾನ್ ವಾಲ್ಟನ್ನನಿಗೆ ಸ್ವಂತ ಗಿರಣಿ, ಸ್ವಂತ ಕಾಡು, ಸ್ವಂತ ಬೆಟ್ಟ. ಹ್ಯಾಮ್ನರನ ತಂದೆಗೆ ಇವು ಯಾವುವೂ ಇರಲಿಲ್ಲ. ಆತ ಕಲ್ಲಿನ ಕಂಪನಿಯ ಕೆಲಸಗಾರ. ಮನೆಯೂ ಕಂಪನಿಯು ತನ್ನ ಕೆಲಸಗಾರರಿಗೆಂದು ಕಟ್ಟಿಸಿದ ಮನೆಗಳಲ್ಲೊಂದು. ಸ್ಕೈಲರಿನ ನೆಲದಡಿಯಲ್ಲಿ ದೊರೆಯುವುದು ಬಳಪದ ಕಲ್ಲು. ಈ ಕಲ್ಲಿನ ಗುಣವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಮದನಿಕೆಯರ ಬೆರಳ ಉಂಗುರವನ್ನೂ ಬಿಡದೆ ಕಡೆದು ತೋರಿಸಿದ್ದು ಇದೇ ಜಾತಿಯ ಮೆದುಕಲ್ಲಿನಲ್ಲಿ. ವರ್ಜೀನಿಯದವರು ಅದನ್ನು ಗರಗಸದಿಂದ ಹಲಗೆಗಳಂತೆ ಕೊಯ್ದು ಬಟ್ಟೆ ಒಗೆಯುವ ತೊಟ್ಟಿಗಳನ್ನೂ ಒಲೆಗಳನ್ನೂ ಪ್ರಯೋಗಶಾಲೆಯ ಮೇಜುಗಳನ್ನೂ ಮಾಡಿದರು. ಕಾವಿಗೂ ಆಮ್ಲಕ್ಕೂ ಜಗ್ಗದ ಕಲ್ಲಾದ್ದರಿಂದ ಒಳ್ಳೆಯ ಬೇಡಿಕೆಯಿತ್ತು. ಶಿಲ್ಪಕ್ಕೆ ಒಲಿದ ಕಲ್ಲು ಅಲ್ಲಿ ಸಂಸಾರಕ್ಕೆ ಒಲಿಯಿತು.

1929ರ ಬಳಿಕ ದೇಶವನ್ನು ಕವಿದ ಆರ್ಥಿಕ ಮುಗ್ಗಟ್ಟಿನಲ್ಲಿ ಕಂಪನಿ ಬಾಗಿಲು ಮುಚ್ಚಿತು. ಒಂದೇ ಕಂಪನಿಯನ್ನು ನಂಬಿದ ಊರಿಗೆ ಅದು ಎಂಥ ಪೆಟ್ಟೆಂಬುದನ್ನು ಕೋಲಾರದ ಚಿನ್ನದ ಗಣಿಗಳು ನಿಂತ ದಿನಗಳನ್ನು ಕಂಡವರು ಊಹಿಸಬಲ್ಲರು. ಹ್ಯಾಮ್ನರನ ತಂದೆ ಬೆಟ್ಟಸಾಲಿನ ಆಚೆಯ ವೇನ್ಸ್‌ಬರೊ ಪಟ್ಟಣದ ಕಾರ್ಖಾನೆಯಲ್ಲಿ ಕೆಲಸ ಹಿಡಿದ. ವಾರವೆಲ್ಲ ಅಲ್ಲಿ, ವಾರದ ಕೊನೆಗೆ ಬಸ್ಸಿನಲ್ಲಿ ಬಂದು, ಹೆದ್ದಾರಿಯಲ್ಲಿ ಇಳಿದು, ಕತ್ತಲೆಯಲ್ಲಿ ಆರು ಮೈಲಿ ನಡೆದು ಮನೆ ಸೇರುತ್ತಿದ್ದ. 1933ರ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಆತ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹೊರಗೆ ಹಿಮ, ಒಳಗೆ ಕಾದು ಕುಳಿತ ತಾಯಿ, ಸುತ್ತ ಮಕ್ಕಳು. ಹಿರಿಯ ಮಗನಿಗೆ ಆಗ ಹತ್ತು ವರ್ಷ. ಆ ಒಂದು ರಾತ್ರಿಯ ಆತಂಕವೇ ಮುಂದೆ ಕಾದಂಬರಿಯಾಯಿತು, ಚಿತ್ರವಾಯಿತು, ಒಂಬತ್ತು ವರ್ಷಗಳ ಧಾರಾವಾಹಿಯಾಯಿತು. ಮನೆತನವೊಂದರ ಸೌಖ್ಯದ ಕಥೆಯೆಂದು ಲೋಕ ಕೊಂಡಾಡುವುದರ ಬೇರು, ಮನೆಗೆ ಬಾರದ ತಂದೆಗಾಗಿ ಮಕ್ಕಳು ಕಾದ ಭಯದಲ್ಲಿದೆ.

ಹ್ಯಾಮ್ನರ್ 1961ರಲ್ಲಿ ‘ಸ್ಪೆನ್ಸರ್ಸ್ ಮೌಂಟನ್’ ಎಂಬ ಕಾದಂಬರಿಯನ್ನು ಪ್ರಕಟಿಸಿದ. 1963ರಲ್ಲಿ ಅದು ಚಲನಚಿತ್ರವಾದಾಗ ಹೆನ್ರಿ ಫೋಂಡಾ ತಂದೆಯಾಗಿಯೂ ಮೊರೀನ್ ಒಹಾರಾ ತಾಯಿಯಾಗಿಯೂ ಅಭಿನಯಿಸಿದರು. ಚಿತ್ರದವರಿಗೆ ವರ್ಜೀನಿಯದ ಗುಡ್ಡಗಳು ಸಾಲದೆ ಹೋದುವೋ ಏನೋ, ಕುಟುಂಬವನ್ನೇ ಎತ್ತಿ ಪಶ್ಚಿಮದ ವಯೋಮಿಂಗ್ ಪ್ರಾಂತದ ಹಿಮಶಿಖರಗಳ ನಡುವೆ ಇಳಿಸಿದರು. 1970ರಲ್ಲಿ ಹ್ಯಾಮ್ನರ್ ಆ ಕ್ರಿಸ್‌ಮಸ್ ರಾತ್ರಿಯನ್ನು ಕುರಿತೇ ‘ದಿ ಹೋಮ್‌ಕಮಿಂಗ್’ ಎಂಬ ಕಿರುಕಾದಂಬರಿಯನ್ನು ಬರೆದ. ಅದರ ದೂರದರ್ಶನ ರೂಪ 1971ರ ಡಿಸೆಂಬರಿನಲ್ಲಿ ಪ್ರಸಾರವಾಗಿ ಜನ ಮೆಚ್ಚಿದ್ದರಿಂದ ಮರುವರ್ಷ ಧಾರಾವಾಹಿ ಹುಟ್ಟಿತು. ಈ ಸಲ ಬೆಟ್ಟ ವರ್ಜೀನಿಯಕ್ಕೇ ಹಿಂದಿರುಗಿತು, ಆದರೆ ಹೆಸರಿಗೆ ಮಾತ್ರ. ಮನೆಯ ಮುಂಭಾಗವನ್ನು ಕಟ್ಟಿ ನಿಲ್ಲಿಸಿದ್ದು ಕ್ಯಾಲಿಫೋರ್ನಿಯದ ಬರ್ಬ್ಯಾಂಕಿನಲ್ಲಿರುವ ವಾರ್ನರ್ ಸಹೋದರರ ಚಿತ್ರನಿರ್ಮಾಣದ ಆವರಣದಲ್ಲಿ. ಹಿಂದೆ ಕಾಣುವ ಗುಡ್ಡಗಳೂ ಅಲ್ಲಿಯವೇ. 1991ರಲ್ಲಿ ಆ ಮನೆ ಬೆಂಕಿಗೆ ಆಹುತಿಯಾಯಿತು, ಮತ್ತೆ ಕಟ್ಟಿದರು. ಒಳಗೆ ಯಾರೂ ವಾಸಿಸದ ಮನೆಗೆ ಈ ಭಾಗ್ಯ!

ಇನ್ನು ಆ ಕುಟುಂಬದ ಧರ್ಮದ ವಿಚಾರ. ಅಮೆರಿಕದ ದೂರದರ್ಶನ ಕ್ರೈಸ್ತ ಕುಟುಂಬಗಳನ್ನು ತೋರಿಸಿದ್ದಕ್ಕೆ ಲೆಕ್ಕವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಕ್ರೈಸ್ತವಾಗಿದ್ದುದು ಕ್ರಿಸ್‌ಮಸ್ ಮರ ನಿಲ್ಲಿಸುವ ದಿನ ಮಾತ್ರ. ಯಾವ ಪಂಥ, ಯಾವ ಚರ್ಚು, ಯಾರು ದೀಕ್ಷಾಸ್ನಾನ ಪಡೆದವರು, ಯಾರು ಪಡೆಯದವರು ಎಂಬ ಮಾತು ಬರುತ್ತಿರಲಿಲ್ಲ. ಯಾವ ಪ್ರೇಕ್ಷಕನಿಗೂ ನೋವಾಗಬಾರದು, ಯಾವ ಸಾಬೂನಿನ ಮಾರಾಟವೂ ಕುಗ್ಗಬಾರದು ಎಂಬ ಎಚ್ಚರಿಕೆ. ವಾಲ್ಟನ್ನರಿಗೆ ಹಾಗಲ್ಲ. ಅವರು ಬ್ಯಾಪ್ಟಿಸ್ಟ್ ಪಂಥದ ಊರಿನವರು. ಒಲಿವಿಯಳೂ ಅತ್ತೆಯೂ ಕಟ್ಟಾ ಬ್ಯಾಪ್ಟಿಸ್ಟರು. ಮದ್ಯವೆಂದರೆ ಮುಖ ಸಿಂಡರಿಸುವವರು, ಭಾನುವಾರ ತಪ್ಪದವರು. ಮನೆಯ ಯಜಮಾನ ಜಾನ್ ಮಾತ್ರ ಚರ್ಚಿಗೆ ಹೋಗುವವನಲ್ಲ. ದೇವರಿಲ್ಲವೆನ್ನುವ ನಾಸ್ತಿಕನೂ ಅಲ್ಲ. ತನಗೂ ದೇವರಿಗೂ ನಡುವೆ ಮೂರನೆಯವರು ಬೇಡವೆನ್ನುವ ಸ್ವಭಾವ. ಊರ ಹೊಳೆಯಲ್ಲಿ ಮುಳುಗಿ ದೀಕ್ಷೆ ಪಡೆಯಲೆಂದು ಹೆಂಡತಿ ಹಂಬಲಿಸುತ್ತಾಳೆ. ಆತ ನಕ್ಕು ಗಿರಣಿಗೆ ನಡೆಯುತ್ತಾನೆ. ಅವಳ ನೋವು ನಿಜವಾದದ್ದು, ಅವನ ಹಟವೂ ನಿಜವಾದದ್ದು. ಒಂದೇ ಮೇಜಿನಲ್ಲಿ ಇಬ್ಬರೂ ಉಣ್ಣುತ್ತಾರೆ. ಧಾರಾವಾಹಿಯ ಸತ್ತ್ವವೆಲ್ಲ ಈ ಬಿರುಕಿನಲ್ಲಿದೆ. ಎಲ್ಲರೂ ಒಂದೇ ಸಮನೆ ಭಕ್ತರಾಗಿದ್ದಿದ್ದರೆ ಅದು ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಚಿತ್ರವಾಗುತ್ತಿತ್ತು.

ಇನ್ನೂ ಒಂದು ವಿನೋದವಿದೆ. ಚರ್ಚಿನ ಮೆಟ್ಟಿಲು ತುಳಿಯದ ಆ ಪಾತ್ರವನ್ನು ವಹಿಸಿದ ರಾಲ್ಫ್ ವೈಟ್, ನಟನಾಗುವುದಕ್ಕೆ ಮುಂಚೆ ಯೇಲ್ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರವನ್ನು ಓದಿ ಬೋಧಕನಾಗಿದ್ದವನು. ಧರ್ಮೋಪದೇಶ ಮಾಡಿದವನಿಗೇ ಅದರಿಂದ ತಪ್ಪಿಸಿಕೊಳ್ಳುವವನ ಪಾತ್ರ! ಅಜ್ಜನ ಪಾತ್ರದ ವಿಲ್ ಗೀರ್ 1950ರ ದಶಕದಲ್ಲಿ ಕಮ್ಯೂನಿಸ್ಟರ ಬೇಟೆಯ ಕಾಲಕ್ಕೆ ವಿಚಾರಣಾ ಸಮಿತಿಯೆದುರು ಬಾಯಿಬಿಡದೆ, ಚಿತ್ರರಂಗದಿಂದ ಬಹಿಷ್ಕೃತನಾಗಿ, ಗಿಡ ಬೆಳೆಸಿಕೊಂಡು ಬದುಕಿದವನು. ಇಡೀ ದೇಶ ತನ್ನ ಮಾದರಿ ಕುಟುಂಬವೆಂದು ಎದೆಗಪ್ಪಿಕೊಂಡದ್ದು ಇಂಥವರನ್ನು.

ಕಂತುಗಳಲ್ಲಿ ಕೆಲವನ್ನು ನೆನೆದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 1971ರ ಆ ಮೊದಲ ಚಿತ್ರದಲ್ಲಿ ಪಟ್ಟಣದಿಂದ ಬಂದ ಧರ್ಮಪ್ರಚಾರಕಿಯೊಬ್ಬಳು ಅಂಗಡಿಯ ಮುಂದೆ ನಿಂತು, ಬೈಬಲ್ಲಿನ ವಾಕ್ಯವೊಂದನ್ನು ಒಪ್ಪಿಸಿದ ಮಗುವಿಗೆ ಒಂದೊಂದು ಆಟಿಕೆ ಕೊಡುತ್ತಾಳೆ. ವಾಲ್ಟನ್ನರ ಕಿರಿಯ ಮಗಳ ಕೈಗೆ ಬಂದ ಗೊಂಬೆಯ ಮುಖ ಒಡೆದಿರುತ್ತದೆ. ದಾನದ ಹೆಸರಿನಲ್ಲಿ ಬಡವರಿಗೆ ಆಗುವ ಅವಮಾನವನ್ನು ಆ ಒಡೆದ ಮುಖದಷ್ಟು ಚೆನ್ನಾಗಿ ಯಾವ ಭಾಷಣವೂ ಹೇಳಲಾರದು. 1972ರ ಒಂದು ಕಂತಿನಲ್ಲಿ ಪಾಪಪುಣ್ಯಗಳನ್ನು ಕುರಿತು ಗುಡುಗುವ ತರುಣ ಬೋಧಕನೊಬ್ಬ ಊರಿಗೆ ಬರುತ್ತಾನೆ. ಬಾಲ್ಡ್‌ವಿನ್ ಎಂಬ ಇಬ್ಬರು ಮುದಿ ಸೋದರಿಯರು ತಂದೆಯ ಕಾಲದ ‘ಪಾಕ’ವೆಂದು ಮುಗ್ಧವಾಗಿ ಕೊಟ್ಟ ಪೇಯವನ್ನು, ಅದು ಮದ್ಯವೆಂದರಿಯದೆ ಕುಡಿದು, ಅಮಲೇರಿ ನಗೆಪಾಟಲಾಗುತ್ತಾನೆ. ಭಕ್ತರೆಲ್ಲ ಮುಖ ತಿರುಗಿಸಿದಾಗ ಆತನ ಕೈ ಹಿಡಿಯುವವನು ಚರ್ಚಿಗೆ ಹೋಗದ ಜಾನ್. ಅದೇ ವರ್ಷದ ಮತ್ತೊಂದು ಕಂತಿನಲ್ಲಿ, ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯೆಹೂದಿ ಕುಟುಂಬವೊಂದರ ಬಾಲಕನಿಗೆ ಪ್ರಾಪ್ತವಯಸ್ಸಿನ ಧಾರ್ಮಿಕ ಸಂಸ್ಕಾರ ನಡೆಯುವುದು ವಾಲ್ಟನ್ನರ ಮನೆಯಲ್ಲಿ.

ಇವೆಲ್ಲಕ್ಕೂ ಕಲಶವಿಟ್ಟದ್ದು 1976ರ ಅಕ್ಟೋಬರಿನಲ್ಲಿ ಪ್ರಸಾರವಾದ ಕಂತು. ಜಾನ್ ಬಾಯ್ ಈಗ ಒಂದು ಸಣ್ಣ ಪತ್ರಿಕೆಯ ಸಂಪಾದಕ. ಹಿಟ್ಲರ್ ಎಂಥವನೆಂದು ಜನ ತಿಳಿಯಲೆಂದು ಅವನ ಆತ್ಮಕಥೆಯ ಭಾಗಗಳನ್ನು ಅಚ್ಚು ಹಾಕುತ್ತಾನೆ. ಊರು ಕೆರಳುತ್ತದೆ. ಹಿಂದೆ ನಗೆಪಾಟಲಾಗಿದ್ದ ಬೋಧಕನೇ ಮುಂದಾಳಾಗಿ ಜರ್ಮನ್ ಪುಸ್ತಕಗಳನ್ನು ಗುಡ್ಡೆ ಹಾಕಿ ಸುಡಲು ಹೊರಡುತ್ತಾನೆ. ಜಾನ್ ಬಾಯ್ ಆ ರಾಶಿಯಿಂದ ಒಂದು ಪುಸ್ತಕವನ್ನು ಎತ್ತಿ, ಜರ್ಮನ್ ಬಲ್ಲ ನೆರೆಯ ಹೆಂಗಸಿನ ಕೈಗೆ ಕೊಟ್ಟು ಓದಲು ಬೇಡುತ್ತಾನೆ. ಆಕೆ ಓದುತ್ತಾಳೆ, ಅರ್ಥವನ್ನೂ ಹೇಳುತ್ತಾಳೆ. ಅದು ಆದಿಕಾಂಡದ ಮೊದಲ ವಾಕ್ಯ. ಸುಡಲು ತಂದ ಪುಸ್ತಕ ಬೈಬಲ್! ಭಕ್ತಿಯು ತನ್ನ ಗ್ರಂಥವನ್ನೇ ಗುರುತಿಸಲಾರದೆ ಹೋಗುವ ಆ ಗಳಿಗೆಯನ್ನು ತೋರಿಸಲು ಒಂದು ಧರ್ಮಶ್ರದ್ಧೆಯ ಧಾರಾವಾಹಿಗೆ ಧೈರ್ಯವಿತ್ತೆಂಬುದು ಇಂದಿಗೂ ಆಶ್ಚರ್ಯ.

ಆದರೆ ಕಾಲ ಕಳೆದಂತೆ ಜನರ ನೆನಪಿನಲ್ಲಿ ಈ ಬಿರುಕುಗಳೆಲ್ಲ ಮುಚ್ಚಿಹೋದುವು. ಉಳಿದದ್ದು ಪ್ರಾರ್ಥನೆ, ಮೇಜು, ಶುಭರಾತ್ರಿ. 1992ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯರು) ಧಾರ್ಮಿಕ ಪ್ರಸಾರಕರ ಸಮ್ಮೇಳನದಲ್ಲಿ ಮಾತನಾಡುತ್ತ, ಅಮೆರಿಕದ ಕುಟುಂಬಗಳು ವಾಲ್ಟನ್ನರಂತೆ ಹೆಚ್ಚಾಗಿಯೂ ಸಿಂಪ್ಸನ್ನರಂತೆ ಕಡಿಮೆಯಾಗಿಯೂ ಇರಬೇಕೆಂದರು. ಸಿಂಪ್ಸನ್ನರೆಂದರೆ ವ್ಯಂಗ್ಯಚಿತ್ರದ ಧಾರಾವಾಹಿಯ ಒಂದು ಪುಂಡು ಕುಟುಂಬ. ಮೂರೇ ದಿನಗಳಲ್ಲಿ ಆ ಧಾರಾವಾಹಿಯವರು ಉತ್ತರ ಕೊಟ್ಟರು: ತಾವೂ ವಾಲ್ಟನ್ನರಂತೆಯೇ ಮುಗ್ಗಟ್ಟು ಕಳೆಯಲೆಂದು ಪ್ರಾರ್ಥಿಸುತ್ತಿದ್ದೇವೆ ಎಂದು ಮನೆಯ ತುಂಟ ಹುಡುಗನ ಬಾಯಲ್ಲಿ ಹೇಳಿಸಿದರು. ದೇಶದಲ್ಲಿ ಆಗ ನಿರುದ್ಯೋಗ ಹೆಚ್ಚಿದ್ದ ಕಾಲ. ಪೆಟ್ಟು ನೇರವಾಗಿ ತಗುಲಿತು. ಆದರೆ ಅಂದು ಸಭೆಯಲ್ಲಿದ್ದ ಧರ್ಮಪ್ರಸಾರಕರಿಗೆ ಹೊಳೆಯದ ಮಾತೊಂದಿದೆ. ಭಾನುವಾರ ಬಂದರೆ ಸಂಸಾರಸಮೇತ ಚರ್ಚಿನ ಬೆಂಚಿನಲ್ಲಿ ಕುಳಿತು ತೂಕಡಿಸುವವನು ಹೋಮರ್ ಸಿಂಪ್ಸನ್. ಜಾನ್ ವಾಲ್ಟನ್ ಮನೆಯಲ್ಲೇ ಉಳಿಯುವವನು.

ಅದೇ 1992ರಲ್ಲಿ ಸ್ಕೈಲರಿನ ಹಳೆಯ ಶಾಲೆಯ ಕಟ್ಟಡದಲ್ಲಿ ‘ವಾಲ್ಟನ್ನರ ಬೆಟ್ಟ’ದ ಹೆಸರಿನಲ್ಲಿ ವಸ್ತುಸಂಗ್ರಹಾಲಯವೊಂದು ತೆರೆಯಿತು. ತರಗತಿಗಳೊಳಗೆ ತೆರೆಯ ಮೇಲಿನ ಮನೆಯನ್ನೇ ಮತ್ತೆ ಕಟ್ಟಿದ್ದಾರೆ: ಅಡುಗೆಮನೆ, ನಡುಮನೆ, ಮೇಜಿನ ಮುಂದೆ ಬರೆಯಲು ಕೂರುವ ಜಾನ್ ಬಾಯ್‌ನ ಕೋಣೆ, ಐಕ್ ಗಾಡ್ಸಿಯ ದಿನಸಿ ಅಂಗಡಿ. ವಿಚಿತ್ರವೆಂದರೆ, ಸ್ಕೈಲರಿನ ಮನೆಯನ್ನು ನೋಡಿ ಕ್ಯಾಲಿಫೋರ್ನಿಯದವರು ಒಂದು ಮನೆಯನ್ನು ಕಲ್ಪಿಸಿದರು. ಕ್ಯಾಲಿಫೋರ್ನಿಯದ ಕಲ್ಪನೆಯನ್ನು ನೋಡಿ ಸ್ಕೈಲರಿನವರು ಮತ್ತೊಂದನ್ನು ಕಟ್ಟಿದರು. ನಿಜವಾದ ಮನೆ ಅಲ್ಲೇ ಹತ್ತಿರದಲ್ಲಿ ನಿಂತಿದೆ. ಯಾತ್ರಿಕರು ಎರಡನ್ನೂ ನೋಡುತ್ತಾರೆ. ಹೆಚ್ಚು ಹೊತ್ತು ನಿಲ್ಲುವುದು ಕಟ್ಟಿದ ಮನೆಯಲ್ಲಿ. ತಪ್ಪೇನೂ ಅಲ್ಲ. ಅವರಲ್ಲಿ ಹಲವರು ತಮ್ಮ ಸ್ವಂತ ಬಾಲ್ಯಕ್ಕಿಂತ ಹೆಚ್ಚಾಗಿ ನೆನಪಿಟ್ಟುಕೊಂಡಿರುವುದು ಆ ಅಡುಗೆಮನೆಯನ್ನು.

ಆ ಶಾಲೆಯ ಬಗ್ಗೆ ಧಾರಾವಾಹಿ ಹೇಳದ ಮಾತೊಂದಿದೆ. ಹ್ಯಾಮ್ನರನ ಬಾಲ್ಯದಲ್ಲಿ ಅದು ಬಿಳಿಯರ ಮಕ್ಕಳ ಶಾಲೆ; ವರ್ಜೀನಿಯದಲ್ಲಿ ಕರಿಯರ ಮಕ್ಕಳು ಬೇರೆಯ ಶಾಲೆಗಳಲ್ಲಿ ಓದಬೇಕೆಂಬುದು ಆಗ ಕಾನೂನು. ಈ ಭೇದ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ತೀರ್ಪಿತ್ತ ಮೇಲೂ, ಕರಿಯ ಮಕ್ಕಳನ್ನು ಸೇರಿಸಿಕೊಳ್ಳುವುದಕ್ಕಿಂತ ಶಾಲೆಗಳನ್ನೇ ಮುಚ್ಚುವುದು ಲೇಸೆಂದು ಪ್ರಾಂತದ ಸರ್ಕಾರ 1958ರಲ್ಲಿ ಷಾರ್ಲಟ್ಸ್‌ವಿಲ್ಲಿನ ಎರಡು ಶಾಲೆಗಳಿಗೆ ಬೀಗ ಹಾಕಿಸಿತು. ಭಾನುವಾರ ಚರ್ಚಿನಲ್ಲಿ ನೆರೆಹೊರೆಯ ಪ್ರೀತಿಯನ್ನು ಕುರಿತು ಕೇಳುತ್ತಿದ್ದ ಊರುಗಳಲ್ಲಿ ನಡೆದ ಸಂಗತಿ ಇದು. ಧಾರಾವಾಹಿ ಈ ವಿಷಯವನ್ನು ಪೂರ್ತಿ ಬಿಟ್ಟಿತೆಂದಲ್ಲ. 1973ರ ಒಂದು ಕಂತಿನಲ್ಲಿ ಅಕ್ಷರ ಬಾರದ ವರ್ಡಿ ಎಂಬ ಕರಿಯ ಮಹಿಳೆ ಗುಟ್ಟಾಗಿ ಜಾನ್ ಬಾಯ್‌ನ ಬಳಿ ಓದು ಕಲಿಯುತ್ತಾಳೆ. ಅದನ್ನು ಬರೆದವರಿಗೆ ಎಮ್ಮಿ ಪ್ರಶಸ್ತಿಯೂ ಬಂತು. ಅವಳ ನಾಚಿಕೆಯನ್ನು ಕಂತು ಮನಮುಟ್ಟುವಂತೆ ತೋರಿಸುತ್ತದೆ. ಅವಳು ಏಕೆ ಅಕ್ಷರ ಕಲಿಯದೆ ಉಳಿದಳೆಂಬುದನ್ನು ಅಷ್ಟು ಒತ್ತಿ ಕೇಳುವುದಿಲ್ಲ. ಕುಟುಂಬದ ಒಳಗಿನ ಭೇದಗಳನ್ನು ದಿಟ್ಟವಾಗಿ ತೋರಿದ ಕಥೆಗಾರರಿಗೆ ಊರಿನ ಭೇದವನ್ನು ಅಷ್ಟೇ ದಿಟ್ಟವಾಗಿ ತೋರುವುದು ಸಾಧ್ಯವಾಗಲಿಲ್ಲ.

ಪ್ರಕೃತಿಯೂ ಈ ಸೀಮೆಯನ್ನು ಬಿಟ್ಟಿಲ್ಲ. ಧಾರಾವಾಹಿ ಆರಂಭವಾಗುವ ಮೂರು ವರ್ಷ ಮುಂಚೆ, 1969ರ ಆಗಸ್ಟ್ 19ರ ರಾತ್ರಿ, ಕಮೀಲ್ ಎಂಬ ಚಂಡಮಾರುತದ ಉಳಿಕೆ ನೆಲ್ಸನ್ ಕೌಂಟಿಯ ಮೇಲೆ ಸುರಿಯಿತು. ಬೆಳಗಾಗುವುದರೊಳಗೆ ಕೆಲವೆಡೆ ಇಪ್ಪತ್ತೇಳು ಅಂಗುಲ ಮಳೆ. ಬೆಟ್ಟದ ಪಕ್ಕಗಳು ಮರಗಳ ಸಮೇತ ಕುಸಿದುವು. ಹೊಳೆಗಳು ಮನೆಗಳನ್ನು ಕೊಚ್ಚಿಕೊಂಡು ಹೋದುವು. ಆ ಒಂದು ಕೌಂಟಿಯಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಆಗುಂಬೆಯ ಮಳೆಯನ್ನು ಕಂಡವರಿಗೂ ಒಂದೇ ರಾತ್ರಿಯ ಆ ಲೆಕ್ಕ ದಂಗುಬಡಿಸೀತು. ಅಮೆರಿಕದ ಮನೆಮನೆಗಳಲ್ಲಿ ವಾಲ್ಟನ್ನರು ನೆಮ್ಮದಿಯಿಂದ ದೀಪ ಆರಿಸುತ್ತಿದ್ದ ಆ ದಿನಗಳಲ್ಲಿ ನಿಜವಾದ ನೆಲ್ಸನ್ ಕೌಂಟಿಯವರು ಇನ್ನೂ ಗೋಡೆಗಳನ್ನು ಎಬ್ಬಿಸುತ್ತಿದ್ದರು.

ಹ್ಯಾಮ್ನರನೂ ಸ್ಕೈಲರಿನಲ್ಲಿ ಉಳಿಯಲಿಲ್ಲ. ವಿದ್ಯಾರ್ಥಿವೇತನ ಪಡೆದು ರಿಚ್‌ಮಂಡಿಗೆ ಓದಲು ಹೋದ, ಯುದ್ಧಕ್ಕೆ ಹೋದ, ರೇಡಿಯೋ ಕೆಲಸ ಹಿಡಿದು ನ್ಯೂಯಾರ್ಕಿಗೆ, ಅಲ್ಲಿಂದ ಹಾಲಿವುಡ್ಡಿಗೆ. ‘ದಿ ವಾಲ್ಟನ್ಸ್’ ಮುಗಿದ ವರ್ಷವೇ ಆತ ಸೃಷ್ಟಿಸಿದ ಮತ್ತೊಂದು ಧಾರಾವಾಹಿ ‘ಫಾಲ್ಕನ್ ಕ್ರೆಸ್ಟ್’. ದ್ರಾಕ್ಷಿ ತೋಟಗಳ ಒಡೆತನಕ್ಕಾಗಿ ಒಬ್ಬರ ಕೊರಳನ್ನು ಒಬ್ಬರು ಕೊಯ್ಯಲೂ ಹೇಸದ ಶ್ರೀಮಂತ ಮನೆತನದ ಕಥೆ. ಒಂದೇ ಲೇಖನಿ! 2016ರಲ್ಲಿ ಆತ ತೀರಿಕೊಂಡದ್ದು ಕ್ಯಾಲಿಫೋರ್ನಿಯದಲ್ಲೇ. ಧಾರಾವಾಹಿಯ ಪ್ರತಿ ಕಂತಿನ ಮೊದಲಲ್ಲೂ ಕೊನೆಯಲ್ಲೂ ಕೇಳುತ್ತಿದ್ದ ವಯಸ್ಕ ಜಾನ್ ಬಾಯ್‌ನ ದನಿ ಹ್ಯಾಮ್ನರನದೇ. ವರ್ಜೀನಿಯದ ಎಳೆತ ಆ ಉಚ್ಚಾರಣೆಯಿಂದ ಕೊನೆಯವರೆಗೂ ಹೋಗಿರಲಿಲ್ಲ. ಮನೆಯಲ್ಲೇ ಉಳಿದವನಿಗೆ ಮನೆಯನ್ನು ಕುರಿತು ಹಾಗೆ ಮಾತನಾಡುವುದು ಆಗುತ್ತಿತ್ತೋ ಇಲ್ಲವೋ.

ಸಂಗ್ರಹಾಲಯದಿಂದ ಹೊರಬಿದ್ದ ಯಾತ್ರಿಕರಿಗೆ ಸಮಯವಿದ್ದರೆ ಗಣಿಗಳನ್ನು ನೋಡಿಯೇ ಹೋಗಬೇಕು. ಕೈಬಿಟ್ಟ ಗಣಿಗಳ ಸುತ್ತ 2017ರಿಂದ ಒಂದು ಸಸ್ಯೋದ್ಯಾನ ತೆರೆದಿದೆ. ಕಲ್ಲು ಕೊಯ್ದ ಹೊಂಡಗಳಲ್ಲಿ ಆಳವಾದ ಹಸುರು ನೀರು ನಿಂತಿದೆ. ಗರಗಸದ ಗೆರೆಗಳನ್ನು ಹೊತ್ತ ನೇರವಾದ ಕಲ್ಲುಗೋಡೆಗಳು ಅದರೊಳಗೆ ಇಳಿದುಹೋಗಿವೆ; ಬೇಡವೆಂದು ಎಸೆದ ಬಂಡೆಗಳು ಸುತ್ತಲೂ ರಾಶಿ ಬಿದ್ದಿವೆ. ಬಳಪದ ಕಲ್ಲಿನ ಮಣ್ಣಿನಲ್ಲಿ ಎಲ್ಲ ಗಿಡಗಳೂ ಬಾಳವು. ಒಗ್ಗಿಕೊಂಡವು ಮಾತ್ರ ಬಂಡೆಗಳ ಸಂದಿಯಲ್ಲಿ ಬೇರೂರಿ ಹೂಬಿಟ್ಟಿವೆ. ಅಜ್ಜನ ಪಾತ್ರ ವಹಿಸಿದ ವಿಲ್ ಗೀರ್ ಸಸ್ಯಶಾಸ್ತ್ರವನ್ನು ಓದಿದ್ದವನು. 1978ರಲ್ಲಿ ಸತ್ತ ಆತ ಈ ತೋಟವನ್ನು ಕಾಣಲಿಲ್ಲ. ಕಂಡಿದ್ದರೆ ಒಂದೊಂದು ಗಿಡದ ಮುಂದೆಯೂ ನಿಂತು, ಅದರ ಹೆಸರು ಹಿಡಿದು ಮಾತನಾಡಿಸದೆ ಬಿಡುತ್ತಿರಲಿಲ್ಲ.